ಮ್ಯಾಟ್ರಿಕ್ಸ್ 4ಕೆ ಡಿಸ್ಕ್‌ನಲ್ಲಿ ಹಸಿರಿಲ್ಲ, ಕತ್ತಲೆ ಹೆಚ್ಚು: ಡಿಸ್ಕ್ ನಕಲಿಯೇ, ಟಿವಿ ಹಾಳೇ?

ಪ್ರಶ್ನೆ: "ನಮಸ್ಕಾರ ರೀ ಸರ್. ನಾನು ಸಿಂಧನೂರಿನವ. ‘ದಿ ಮ್ಯಾಟ್ರಿಕ್ಸ್’ ಸಿನಿಮಾ ಅಂದ್ರ ನನಗ ಭಾಳ ಜೀವ. 2006ರಾಗ ಅದರ ಡಿವಿಡಿ ತಗೊಂಡಿದ್ದೆ, ಇನ್ನೂ ಚಲೋ ನಡೀತದ. ಈಗ ಅಮೆರಿಕದಾಗ ಇರೋ ನಮ್ಮ ಅಕ್ಕನ ಮಗ ಅದರ 4ಕೆ ಡಿಸ್ಕ್ ಸೆಟ್ ತಂದು ಕೊಟ್ಟಾನ. 4ಕೆ ಪ್ಲೇಯರ್ ಇಲ್ಲೇ ತಗೊಂಡೆ. 55 ಇಂಚಿನ ಟಿವಿ, ಮಧ್ಯಮ ರೇಟಿನದು, ಕೆಳಗ ಒಂದು ಸೌಂಡ್‌ಬಾರ್. ಹಾಕಿ ನೋಡಿದ್ರ ಬ್ಯಾಸರ ಆತು. ಆ ಹಸಿರು ಬಣ್ಣನ ಇಲ್ಲ. ರಾತ್ರಿ ಸೀನ್ ಎಲ್ಲಾ ಕತ್ತಲು ಕತ್ತಲು, ಮುಖನ ಕಾಣಂಗಿಲ್ಲ. ಡಿವಿಡಿ 2 ತಾಸು 11 ನಿಮಿಷಕ್ಕ ಮುಗೀತದ, ಇದು 2 ತಾಸು 16 ನಿಮಿಷ ಅದ. ಹಂಗಾರ ನಾ ಇಷ್ಟು ವರ್ಷ ನೋಡಿದ್ದು ಕತ್ತರಿ ಹಾಕಿದ್ದೇನು? ಮಾತು ಕೇಳಬೇಕಂದ್ರ ವಾಲ್ಯೂಮ್ ಏರಸ್ಬೇಕು, ಗುಂಡಿನ ಸೀನ್ ಬಂದ್ರ ಬಾಜೂ ಮನಿಯವರು ಎದ್ದು ಬರ್ತಾರ. ಮ್ಯಾಲ ಒಂದು ತಾಸು ಹತ್ತು ನಿಮಿಷದ ಹತ್ರ ಚಿತ್ರ ನಿಂತು ನಿಂತು ಬರ್ತದ. ಒಬ್ರು ಅಂಗಡಿಯವರು ‘ಡಿಸ್ಕ್ ಡೂಪ್ಲಿಕೇಟ್’ ಅಂದ್ರು, ಇನ್ನೊಬ್ರು ‘ಟಿವಿನ ಬದಲು ಮಾಡ್ರಿ’ ಅಂದ್ರು. ಗಂಗಾವತಿಯಾಗಿರೋ ನಮ್ಮ ತಮ್ಮಗೂ ಅಮೆರಿಕದಿಂದನ ಒಂದು ಪ್ಲೇಯರ್ ತರಸ್ಬೇಕಂತ ಮಾಡೀವಿ. ಏನ್ ಮಾಡ್ಲಿ ಹೇಳ್ರಿ."

ಉತ್ತರ:

ಪ್ರೀತಿಯ ಸಿನಿಮಾ, ದುಡ್ಡು ಸುರಿದು ತಂದ ಸಾಮಾನು, ಕೊನೆಗೆ ಹಳೆಯ ಡಿವಿಡಿಯೇ ಚೆನ್ನಾಗಿತ್ತು ಅನ್ನಿಸಿದರೆ ಬೇಸರವಾಗುವುದು ಸಹಜ. ಐದು ದೂರುಗಳನ್ನು ಒಟ್ಟಿಗೆ ಕೇಳಿದರೆ ಎಲ್ಲಕ್ಕೂ ಒಂದೇ ಕಾರಣ ಇದ್ದಂತೆ ಕಾಣುತ್ತದೆ. ಅಂಗಡಿಯವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟದ್ದೂ ಅದಕ್ಕೇ. ಆದರೆ ಅವು ಬಂದಿರುವುದು ಐದು ಬೇರೆ ಬೇರೆ ಕಡೆಯಿಂದ. ಬಣ್ಣದ ವ್ಯತ್ಯಾಸ ಸ್ಟುಡಿಯೊದಿಂದ, ಕತ್ತಲೆ ಟಿವಿಯಿಂದ, ಐದು ನಿಮಿಷದ ಲೆಕ್ಕ ಹಳೆಯ ಡಿವಿಡಿಯಿಂದ, ಸದ್ದಿನ ಕಾಟ ಸೌಂಡ್‌ಬಾರ್‌ಗೆ ಹೋಗುವ ದಾರಿಯಿಂದ, ಚಿತ್ರ ನಿಲ್ಲುವುದು ಬಹುತೇಕ ಡಿಸ್ಕಿನ ಅಂಚಿನಿಂದ. ನೀವು ಬರೆದಿರುವುದರಲ್ಲಿ ಡಿಸ್ಕ್ ನಕಲಿ ಎನ್ನಲು ಒಂದು ಪುರಾವೆಯೂ ನನಗೆ ಸಿಗಲಿಲ್ಲ. ಟಿವಿಯನ್ನು ಈಗಲೇ ಮಾರಬೇಡಿ.

ನಕಲಿಯ ಅನುಮಾನವನ್ನು ಐದು ನಿಮಿಷದಲ್ಲಿ ತೀರಿಸಿಕೊಳ್ಳಬಹುದು. ಡಿಸ್ಕನ್ನು ತಿರುವಿ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನಡುವಿನ ತೂತಿನ ಸುತ್ತಲಿನ ಉಂಗುರ ನೋಡಿ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕ್ ಆದರೆ ಅಲ್ಲಿ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣದಾಗಿ ‘ಐಎಫ್‌ಪಿಐ’ (ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಸಂಘದ ಗುರುತು) ಎಂಬ ಅಕ್ಷರಗಳೂ ಒಂದು ಸಂಕೇತವೂ ಕೊರೆದಿರುತ್ತವೆ. ಕೆಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಮನೆಯ ಕಂಪ್ಯೂಟರಿನಲ್ಲಿ ನಕಲು ಬರೆದ ಡಿಸ್ಕಿನ ಕೆಳಮೈ ಗಾಢ ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮೇಲಿನ ಚಿತ್ರ ಪ್ರಿಂಟರಿನದು ಎಂದು ಉಗುರಿಗೇ ಗೊತ್ತಾಗುತ್ತದೆ. ಹಾಕಿದಾಗ ಟಿವಿಯ ಮೂಲೆಯಲ್ಲಿ ಎಚ್‌ಡಿಆರ್ (ಬೆಳಕು, ಕತ್ತಲೆಗಳ ನಡುವಿನ ಅಂತರವನ್ನು ಹೆಚ್ಚು ತೋರಿಸುವ ಚಿತ್ರದ ಪದ್ಧತಿ) ಅಥವಾ ಅದರದೇ ಒಂದು ಬಗೆಯಾದ ಡಾಲ್ಬಿ ವಿಷನ್ ಎಂಬ ಗುರುತು ಬಂದು, ಮೆನುವಿನಲ್ಲಿ ಸುತ್ತಲಿಂದಲೂ ಮೇಲಿಂದಲೂ ಕೇಳಿಸುವ ಡಾಲ್ಬಿ ಅಟ್ಮಾಸ್ ಧ್ವನಿ ಸಿಕ್ಕಿದರೆ ಆ ಅನುಮಾನ ಬಿಟ್ಟುಬಿಡಿ.

ಈಗ ಹಸಿರಿನ ವಿಚಾರ. ಈ ಚಿತ್ರದ ಅಭಿಮಾನಿಗಳು ಇಪ್ಪತ್ತು ವರ್ಷದಿಂದ ಜಗಳವಾಡುತ್ತಿರುವ ಸಂಗತಿ ಇದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಾಚೌಸ್ಕಿ ಸೋದರಿಯರ ಈ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 1999ರ ಮಾರ್ಚ್ 31ರಂದು, 35 ಎಂಎಂ ಫಿಲ್ಮಿನ ಪ್ರಿಂಟ್‌ಗಳಲ್ಲಿ. ಕಂಪ್ಯೂಟರ್ ಕಟ್ಟಿದ ಸುಳ್ಳು ಲೋಕದ ದೃಶ್ಯಗಳಿಗೆ ಹಸಿರು ಛಾಯೆ, ಹಡಗಿನೊಳಗಿನ ನಿಜ ಲೋಕಕ್ಕೆ ನೀಲಿ ಛಾಯೆ ಎಂಬುದು ಮೊದಲಿನಿಂದಲೂ ಇದ್ದ ಯೋಚನೆ. ಆದರೆ ಚಿತ್ರಮಂದಿರದಲ್ಲಿ ಆ ಹಸಿರು ಇದ್ದದ್ದು ಸಾರಿಗೆ ಉಪ್ಪು ಹಾಕಿದ ಹಾಗೆ, ಹದವಾಗಿ. 2003ರಲ್ಲಿ ಎರಡನೆಯ ಮತ್ತು ಮೂರನೆಯ ಭಾಗಗಳು ಬಂದವು, ಅವುಗಳಲ್ಲಿ ಹಸಿರು ಗಾಢವಾಯಿತು. 2004ರಲ್ಲಿ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಡಿವಿಡಿಯಾಗಿ ಹೊರತರುವಾಗ, ಮೊದಲ ಭಾಗವೂ ಮಿಕ್ಕೆರಡಕ್ಕೆ ಹೊಂದಲಿ ಎಂದು ಅದರ ಹಸಿರನ್ನೂ ಏರಿಸಿದರು. 2008ರ ಬ್ಲೂ-ರೇಯಲ್ಲೂ ಅದೇ ಗಾಢ ಹಸಿರು. ನೀವು 2006ರಲ್ಲಿ ಕೊಂಡ ಡಿವಿಡಿ ಆ 2004ರ ಬಣ್ಣದ್ದೇ ಆಗಿದ್ದರೆ, ನಿಮ್ಮ ಕಣ್ಣಿಗೆ ಕೂತಿರುವ ಹಸಿರು ಮೂಲ ಚಿತ್ರದ್ದಲ್ಲ, ಐದು ವರ್ಷದ ನಂತರ ಬಳಿದದ್ದು.

ನಿಮ್ಮ ಕೈಯಲ್ಲಿರುವ 4ಕೆ ಆವೃತ್ತಿ ಬಂದದ್ದು 2018ರ ಮೇ ತಿಂಗಳಲ್ಲಿ. ಮೂಲ ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿ, ಚಿತ್ರದ ಛಾಯಾಗ್ರಾಹಕ ಬಿಲ್ ಪೋಪ್ ಅವರ ಮೇಲ್ವಿಚಾರಣೆಯಲ್ಲೇ ಬಣ್ಣ ಹದಗೊಳಿಸಿದ್ದಾರೆ. ಹಸಿರು ಹೋಗಿಲ್ಲ, ಇರಬೇಕಾದ ಜಾಗಕ್ಕೆ ಇಳಿದಿದೆ. ಪರೀಕ್ಷೆ ಮಾಡಬೇಕೆಂದರೆ ನಾಯಕನನ್ನು ಕೂರಿಸಿ ವಿಚಾರಣೆ ಮಾಡುವ ಕೋಣೆಯ ದೃಶ್ಯಕ್ಕೆ ಹೋಗಿ, ಏಜೆಂಟ್ ಸ್ಮಿತ್‌ನ ಕೋಟಿನೊಳಗಿನ ಬಿಳಿ ಅಂಗಿಯನ್ನಷ್ಟೇ ನೋಡಿ. ಗಾಢ ಹಸಿರಿನ ಆವೃತ್ತಿಯಲ್ಲಿ ಆ ಅಂಗಿಗೂ ಮುಖಕ್ಕೂ ಒಂದೇ ಬಣ್ಣದ ನೀರು ಚೆಲ್ಲಿದಂತಿರುತ್ತದೆ. ಹೊಸದರಲ್ಲಿ ಅಂಗಿ ಬಿಳಿಯಾಗಿಯೇ ಇದ್ದು, ನೆರಳಿನ ಭಾಗದಲ್ಲಿ ಮಾತ್ರ ಹಸಿರು ಕೂತಿರುತ್ತದೆ, ಮುಖಕ್ಕೆ ಮುಖದ ಬಣ್ಣ ಬಂದಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಮನೆಗೆ ಬಂದ ಆವೃತ್ತಿಗಳಲ್ಲೆಲ್ಲ ಇದೇ ಶ್ರೇಷ್ಠ. ಹಾಗೆಂದು ಹಳೆಯ ಡಿವಿಡಿಯನ್ನು ಗುಜರಿಗೆ ಹಾಕಬೇಡಿ, ಒಂದು ಕಾಲಕ್ಕೆ ಲೋಕವೆಲ್ಲ ನೋಡಿದ ಬಣ್ಣ ಅದು.

ಒಂದು ಎಚ್ಚರ. ಹಸಿರು ತಗ್ಗಿದ್ದಷ್ಟೇ ಅಲ್ಲದೆ ಚಿತ್ರವೆಲ್ಲ ಬೂದಿ ಬಳಿದಂತೆ, ತೊಳೆದ ಬಟ್ಟೆಯಂತೆ ಪೇಲವವಾಗಿ ಕಂಡರೆ ಅದು ಸ್ಟುಡಿಯೊದ ಕೆಲಸವಲ್ಲ. ಪ್ಲೇಯರ್ ಕಳಿಸುತ್ತಿರುವ ಎಚ್‌ಡಿಆರ್ ಸಂಕೇತವನ್ನು ಟಿವಿ ಮಾಮೂಲಿ ಚಿತ್ರವೆಂದು ಓದುತ್ತಿದೆ ಎಂದರ್ಥ. ಹೆಚ್ಚಿನ ಟಿವಿಗಳಲ್ಲಿ ಎಚ್‌ಡಿಎಂಐ ಕಿಂಡಿಯ ಪೂರ್ತಿ ಸಾಮರ್ಥ್ಯವನ್ನು ನಾವೇ ಮೆನುವಿನಲ್ಲಿ ತೆರೆಯಬೇಕು. ಸೋನಿಯಲ್ಲಿ ಅದಕ್ಕೆ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್: ಎನ್‌ಹ್ಯಾನ್ಸ್ಡ್’ ಎಂದು ಹೆಸರು, ಎಲ್‌ಜಿಯಲ್ಲಿ ‘ಡೀಪ್ ಕಲರ್’, ಸ್ಯಾಮ್ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’. ಪ್ಲೇಯರ್ ಯಾವ ಕಿಂಡಿಗೆ ಸಿಕ್ಕಿಸಿದ್ದೀರೋ ಅದೇ ಕಿಂಡಿಗೆ ಇದನ್ನು ಆನ್ ಮಾಡಬೇಕು. ಸೆಟ್‌ಟಾಪ್ ಬಾಕ್ಸಿನ ಕಿಂಡಿಗೆ ಮಾಡಿ ಕೂತರೆ ಪ್ರಯೋಜನವಿಲ್ಲ.

ಚಿತ್ರದಲ್ಲಿ ಮರಳು ಕಾಳಿನಂತೆ ಸಣ್ಣ ಅದುರು ಕಂಡರೆ ಗಾಬರಿಯಾಗಬೇಡಿ, ಅದು ಫಿಲ್ಮಿನ ಗ್ರೇನ್. ಅದನ್ನು ಉಜ್ಜಿ ತೆಗೆದರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆಯೂ ಜೊತೆಗೇ ಹೋಗುತ್ತವೆ. ‘ಟರ್ಮಿನೇಟರ್ 2’ರ 2017ರ 4ಕೆ ಡಿಸ್ಕಿನಲ್ಲಿ ಹೀಗೆ ಉಜ್ಜಿ ಮುಖಗಳೆಲ್ಲ ಮೇಣದ ಬೊಂಬೆಯಂತಾಗಿವೆ ಎಂದು ನೋಡುಗರು ದೊಡ್ಡ ತಕರಾರೇ ತೆಗೆದಿದ್ದರು. ನಿಮ್ಮ ಡಿಸ್ಕಿಗೆ ಆ ಗತಿ ಬಂದಿಲ್ಲ. ಗ್ರಾಫಿಕ್ಸ್ ಇರುವ ಶಾಟ್‌ಗಳು ಪಕ್ಕದ ಶಾಟ್‌ಗಿಂತ ಸ್ವಲ್ಪ ಮೆತ್ತಗೆ ಕಾಣುತ್ತವೆ. ಆ ಕಾಲದಲ್ಲಿ ಇಂಥ ಶಾಟ್‌ಗಳನ್ನು ಸುಮಾರು 2ಕೆ (4ಕೆಯ ಅರ್ಧ ಅಗಲ) ಅಳತೆಯಲ್ಲೇ ಮುಗಿಸುತ್ತಿದ್ದರು, ಅದಕ್ಕೆ ಯಾವ ಟಿವಿಯೂ ಮದ್ದಲ್ಲ.

ಐದು ನಿಮಿಷದ ಲೆಕ್ಕ ಸುಲಭ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿ ‘ಪಾಲ್’, ಅದರ ವೇಗ ಸೆಕೆಂಡಿಗೆ 25 ಚೌಕಟ್ಟು. ಪಾಲ್ ಡಿವಿಡಿ ಮಾಡುವವರು 24ನ್ನು 25ರಂತೆಯೇ ಓಡಿಸಿಬಿಡುತ್ತಿದ್ದರು. 136 ನಿಮಿಷವನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ, 130 ನಿಮಿಷ 34 ಸೆಕೆಂಡ್ ಬರುತ್ತದೆ. ನೀವು ಬರೆದ 2 ತಾಸು 11 ನಿಮಿಷ ಇದೇ. ಕತ್ತರಿ ಬಿದ್ದಿಲ್ಲ, ಇಡೀ ಚಿತ್ರವೇ ನೂರಕ್ಕೆ ನಾಲ್ಕರಷ್ಟು ಅವಸರದಲ್ಲಿ ಓಡಿದೆ. ವೇಗದ ಜೊತೆ ಧ್ವನಿಯ ಶ್ರುತಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರಿರುತ್ತದೆ. ನಾಯಕನಿಗೆ ದಾರಿ ತೋರುವ ಮಾರ್ಫಿಯಸ್‌ನ ದನಿ ಹೊಸ ಡಿಸ್ಕಿನಲ್ಲಿ ಇನ್ನಷ್ಟು ಭಾರವಾಗಿ ಕೇಳಿಸಿದರೆ ಅದೇ ಸರಿಯಾದ ದನಿ.

ಕತ್ತಲೆಯ ವಿಷಯಕ್ಕೆ ಬರೋಣ. 4ಕೆ ಡಿಸ್ಕ್ ಕೊಂಡವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದು, ಅತಿ ಹೆಚ್ಚು ತಪ್ಪು ಸಲಹೆ ಸಿಗುವುದೂ ಇದಕ್ಕೇ.

ಡಿವಿಡಿ, ಮಾಮೂಲಿ ಬ್ಲೂ-ರೇಗಳ ಬೆಳಕನ್ನು ಸ್ಟುಡಿಯೊದಲ್ಲಿ 100 ನಿಟ್ ಪರದೆಗೆ ಹದ ಮಾಡುತ್ತಾರೆ. ನಿಟ್ ಎಂದರೆ ಪರದೆಯ ಬೆಳಕಿನ ಅಳತೆ. ಎಚ್‌ಡಿಆರ್ ಚಿತ್ರವನ್ನು ಸಾಮಾನ್ಯವಾಗಿ 1,000 ಅಥವಾ 4,000 ನಿಟ್ ಪರದೆಯ ಮೇಲೆ ಹದ ಮಾಡುತ್ತಾರೆ. ಮಧ್ಯಮ ಬೆಲೆಯ ಎಲ್‌ಇಡಿ ಟಿವಿಗಳು ಕೊಡುವುದು 250ರಿಂದ 350 ನಿಟ್. ಟಿವಿ ಪೆಟ್ಟಿಗೆಯ ಮೇಲೆ ‘ಎಚ್‌ಡಿಆರ್’ ಎಂದು ಬರೆದಿದ್ದರೆ ಆ ಸಂಕೇತವನ್ನು ಓದಬಲ್ಲದು ಎಂದಷ್ಟೇ ಅರ್ಥ, ಅಷ್ಟು ಬೆಳಕು ಕೊಡಬಲ್ಲದು ಎಂದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಇರುವ ನೀರು ಕಡಿಮೆಯಾಗಿ ಮೇಲ್ಭಾಗದವರಿಗೆ ಪೂರ್ತಿ ಬಿಟ್ಟರೆ ಟೇಲ್ ಎಂಡ್‌ನ ಗದ್ದೆ ಒಣಗುತ್ತದೆ. ಟಿವಿಯೂ ಹಾಗೇ. ಗುಂಡಿನ ಕಿಡಿ, ದೀಪ, ಕಿಟಕಿಯ ಬಿಸಿಲು ಇವುಗಳ ವಿವರ ಉಳಿಸಲು ಹೋದರೆ ಇರುವ 300 ನಿಟ್ ಅಲ್ಲೇ ಮುಗಿದು, ಮುಖ, ಗೋಡೆ, ಕಪ್ಪು ಕೋಟುಗಳ ಪಾಲಿಗೆ ಬೆಳಕು ಸಾಲುವುದಿಲ್ಲ. ಕಪ್ಪು ಬಟ್ಟೆ, ಕತ್ತಲ ಓಣಿಗಳೇ ತುಂಬಿದ ಈ ಚಿತ್ರದಲ್ಲಿ ಆ ಕೊರತೆ ಎದ್ದು ಕಾಣುತ್ತದೆ.

ಮಾಡಬೇಕಾದ್ದು ಹೀಗೆ. ಡಿಸ್ಕ್ ಓಡುತ್ತಿರುವಾಗಲೇ ಟಿವಿಯ ಚಿತ್ರದ ಮೆನು ತೆರೆಯಿರಿ. ಎಚ್‌ಡಿಆರ್‌ನ ಸೆಟ್ಟಿಂಗ್ ಬೇರೆಯೇ ಇರುತ್ತದೆ, ಕೇಬಲ್ ಚಾನೆಲ್ ನೋಡುವಾಗ ಬದಲಿಸಿದ್ದು ಇಲ್ಲಿಗೆ ಬರುವುದಿಲ್ಲ. ಮೊದಲು ವಿದ್ಯುತ್ ಉಳಿತಾಯದ ‘ಎನರ್ಜಿ ಸೇವಿಂಗ್’ ಮತ್ತು ಕೋಣೆಯ ಬೆಳಕು ನೋಡಿ ತಾನೇ ಮಬ್ಬಾಗುವ ಸೆನ್ಸರ್, ಎರಡನ್ನೂ ಆಫ್ ಮಾಡಿ. ಅರ್ಧ ದೂರುಗಳು ಇಲ್ಲೇ ಮುಗಿಯುತ್ತವೆ. ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಆರಿಸಿ, ಬ್ಯಾಕ್‌ಲೈಟ್ ಪೂರ್ತಿ ಏರಿಸಿ. ಬ್ರೈಟ್‌ನೆಸ್ ಎಂಬುದನ್ನು ಮಾತ್ರ ಮುಟ್ಟಬೇಡಿ. ಹೆಸರು ಹಾಗಿದ್ದರೂ ಹಲವು ಟಿವಿಗಳಲ್ಲಿ ಅದು ಕಪ್ಪಿನ ಮಟ್ಟ, ಏರಿಸಿದರೆ ಕಪ್ಪು ಬೂದಾಗುತ್ತದೆ. ದೃಶ್ಯಕ್ಕೆ ತಕ್ಕಂತೆ ಬೆಳಕು ಹಂಚುವ ‘ಡೈನಾಮಿಕ್ ಟೋನ್ ಮ್ಯಾಪಿಂಗ್’ ಇದ್ದರೆ ಆನ್ ಮಾಡಿ. ಡಾಲ್ಬಿ ವಿಷನ್ ಇದ್ದರೆ ‘ಡಾರ್ಕ್’ ಬಿಟ್ಟು ‘ಬ್ರೈಟ್’ ಆರಿಸಿ. ಓಟದ ದೃಶ್ಯಗಳು ಧಾರಾವಾಹಿಯಂತೆ ಜಾರಿದಂತೆ ಕಂಡರೆ ಟ್ರೂಮೋಷನ್, ಮೋಷನ್‌ಫ್ಲೋ ಮುಂತಾದ ಹೆಸರಿನ ಸೌಲಭ್ಯವನ್ನೂ ಆಫ್ ಮಾಡಿ. ಆಮೇಲೆ ದೀಪ ಆರಿಸಿ, ಪಡುವಣ ಕಿಟಕಿಗೆ ದಪ್ಪ ಪರದೆ ಎಳೆದು, ಹೊತ್ತು ಮುಳುಗಿದ ಮೇಲೆ ನೋಡಿ. ಸಿಂಧನೂರಿನ ಬೇಸಿಗೆಯ ಮಧ್ಯಾಹ್ನದ ಬೆಳಕಿನೆದುರು 300 ನಿಟ್ ಏನೂ ಅಲ್ಲ.

ಇಷ್ಟಾದರೂ ಮುಖ ಕಾಣದಿದ್ದರೆ ಇನ್ನೆರಡು ದಾರಿ ಇವೆ. ಪ್ಲೇಯರಿನ ಮೆನುವಿನಲ್ಲಿ ಎಚ್‌ಡಿಆರ್ ಆಫ್ ಮಾಡಿದರೆ ಅದೇ 4ಕೆ ಚಿತ್ರವನ್ನು ಮಾಮೂಲಿ ಬೆಳಕಿಗೆ ಇಳಿಸಿ ಕಳಿಸುತ್ತದೆ. ಇಳಿಸುವ ಕೆಲಸ ಎಲ್ಲ ಪ್ಲೇಯರ್‌ಗಳಲ್ಲಿ ಒಂದೇ ಸಮ ಇರುವುದಿಲ್ಲ, ಕೆಲವದರಲ್ಲಿ ಬಣ್ಣ ಸ್ವಲ್ಪ ಸತ್ತಂತಾಗುತ್ತದೆ. ಎರಡನೆಯದು ಇನ್ನೂ ಸರಳ, ಜನ ಮರೆಯುವುದೂ ಅದನ್ನೇ. ನಿಮ್ಮ ಸೆಟ್ಟಿನೊಳಗೆ ಅದೇ 2018ರ ಹೊಸ ಬಣ್ಣದ ಮಾಮೂಲಿ ಬ್ಲೂ-ರೇ ಡಿಸ್ಕೂ ಇರುತ್ತದೆ. ಅದನ್ನು ಹಾಕಿ. 300 ನಿಟ್ ಟಿವಿಯಲ್ಲಿ ಕಷ್ಟಪಡುವ 4ಕೆಗಿಂತ, ನೂರು ನಿಟ್‌ಗೆಂದೇ ಹದ ಮಾಡಿದ ಆ ಬ್ಲೂ-ರೇ ಚೆನ್ನಾಗಿ ಕಾಣುವ ಸಾಧ್ಯತೆಯೇ ಹೆಚ್ಚು. ‘4ಕೆ ಬಿಟ್ಟು ಕೆಳಗಿಳಿಯುವುದೇ?’ ಎಂದು ಕೊರಗಬೇಡಿ. 55 ಇಂಚಿನ ಪರದೆಯಿಂದ ಏಳಡಿಗಿಂತ ಹಿಂದೆ ಕೂತರೆ ಬ್ಲೂ-ರೇಯ 1080 ಸಾಲಿನ ಚುಕ್ಕೆಗೂ 4ಕೆ ಚುಕ್ಕೆಗೂ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ತಿಳಿಯುವುದಿಲ್ಲ. ನಿಮ್ಮ ಸೋಫಾದಿಂದ ಟಿವಿಗೆ ಟೇಪ್ ಹಿಡಿದು ನೋಡಿ. ಮುಂದೆ ಎಂದಾದರೂ ಟಿವಿ ಬದಲಿಸುವಾಗ ಡಿಸ್ಕ್ ಹೇಗೂ ಇರುತ್ತದೆ, ಆಗ 4ಕೆಯನ್ನು ಅದರ ಪೂರ್ತಿ ಕಳೆಯಲ್ಲಿ ನೋಡಬಹುದು.

ಇನ್ನು ಸದ್ದು. ಡಿಸ್ಕಿನ ಅಟ್ಮಾಸ್ ಧ್ವನಿ ಚಿತ್ರಮಂದಿರಕ್ಕೆಂದು ಬೆರೆಸಿದ್ದು, ಪಿಸುಮಾತಿಗೂ ಸ್ಫೋಟಕ್ಕೂ ನಡುವೆ ಭಾರಿ ಅಂತರ ಇರುತ್ತದೆ. ಸದ್ದು 10 ಡೆಸಿಬಲ್ ಏರಿದರೆ ಕಿವಿಗೆ ಎರಡು ಪಟ್ಟು ಅನ್ನಿಸುತ್ತದೆ. ಮಾತು ಕೇಳಲೆಂದು ನೀವು ಅಷ್ಟು ಏರಿಸಿದರೆ, ಲಾಬಿಯಲ್ಲಿ ಕಂಬಗಳು ಪುಡಿಯಾಗುವ ದೃಶ್ಯಕ್ಕೆ ಬರುವಷ್ಟರಲ್ಲಿ ಗುಂಡಿನ ಸದ್ದೂ ಎರಡು ಪಟ್ಟಾಗಿರುತ್ತದೆ. ಪ್ಲೇಯರಿನ ಧ್ವನಿಯ ಮೆನುವಿನಲ್ಲಿ ಈ ಅಂತರ ತಗ್ಗಿಸುವ ‘ಡಿಆರ್‌ಸಿ’ ಅಥವಾ ‘ಡೈನಾಮಿಕ್ ರೇಂಜ್ ಕಂಟ್ರೋಲ್’ ಹುಡುಕಿ ಆನ್ ಮಾಡಿ, ಸೌಂಡ್‌ಬಾರಿನಲ್ಲಿ ‘ನೈಟ್’ ಮತ್ತು ‘ವಾಯ್ಸ್’ ಗುಂಡಿಗಳಿದ್ದರೆ ಒತ್ತಿ. ಸೆಂಟರ್ ಸ್ಪೀಕರಿನ ಮಟ್ಟ ಬೇರೆಯಾಗಿ ಸಿಕ್ಕರೆ 2ರಿಂದ 4 ಡೆಸಿಬಲ್ ಏರಿಸಿ, ಮಾತೆಲ್ಲ ಬರುವುದು ಅಲ್ಲಿಂದಲೇ.

ತಂತಿಯ ದಾರಿಯನ್ನೂ ನೋಡಿ. ಪ್ಲೇಯರ್ ಟಿವಿಗೆ, ಟಿವಿಯಿಂದ ‘ಎಆರ್‌ಸಿ’ (ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಎಚ್‌ಡಿಎಂಐ) ಕಿಂಡಿಯ ಮೂಲಕ ಸೌಂಡ್‌ಬಾರ್‌ಗೆ ಎಂದಿದ್ದರೆ, ಡಿಸ್ಕಿನ ಮೂಲ ಧ್ವನಿ ಆ ದಾರಿಯಲ್ಲಿ ಹಿಡಿಸುವುದಿಲ್ಲ, ಕುಗ್ಗಿಸಿಯೇ ಕಳಿಸಬೇಕು. ಅದರ ಸುಧಾರಿತ ರೂಪವಾದ ‘ಇಎಆರ್‌ಸಿ’ ಇದ್ದರೆ ತೊಂದರೆಯಿಲ್ಲ. ಸೌಂಡ್‌ಬಾರಿಗೇ ಎಚ್‌ಡಿಎಂಐ ‘ಇನ್’ ಕಿಂಡಿ ಇದ್ದರೆ ಪ್ಲೇಯರನ್ನು ನೇರ ಅಲ್ಲಿಗೇ ಕೊಡಬಹುದು, ಆದರೆ ಆ ಕಿಂಡಿ 4ಕೆ ಎಚ್‌ಡಿಆರ್ ದಾಟಿಸುತ್ತದೆಯೇ ಎಂದು ಕೈಪಿಡಿ ನೋಡಿಕೊಳ್ಳಿ. ಇಲ್ಲದಿದ್ದರೆ ಸದ್ದು ಸರಿಯಾಗಿ ಚಿತ್ರ ಕೆಡುತ್ತದೆ. ಇವೆಲ್ಲಕ್ಕಿಂತ ಅಗ್ಗದ ಉಪಾಯ ಮನೆಯಲ್ಲೇ ಇದೆ. ಟೈಲ್ಸ್ ನೆಲ, ಬರಿಗೋಡೆ, ಆರ್‌ಸಿಸಿ ಚಾವಣಿ ಇರುವ ಕೋಣೆಯಲ್ಲಿ ಮಾತು ಅನುರಣಿಸಿ ಕಲಸಿಹೋಗುತ್ತದೆ. ಟಿವಿಗೂ ನಿಮಗೂ ನಡುವೆ ಜಮಖಾನಿ ಹಾಸಿ, ಎದುರು ಗೋಡೆಗೆ ಒಂದು ದಪ್ಪ ಕೌದಿ ನೇತುಹಾಕಿ ನೋಡಿ, ಮಾತಿನ ಅಂಚು ತಾನೇ ಚೂಪಾಗುತ್ತದೆ. ಸೌಂಡ್‌ಬಾರನ್ನು ಶೋಕೇಸಿನೊಳಗೆ ತುರುಕಿದ್ದರೆ ಹೊರಗೆ, ಅಂಚಿನ ಮುಂದಕ್ಕೆ ತನ್ನಿ. ಕೂಲರ್ ಪಕ್ಕದಲ್ಲೇ ಗುಡುಗುತ್ತಿದ್ದರೆ ಮಾತ್ರ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬಾರದು.

ಚಿತ್ರ ನಿಲ್ಲುವುದಕ್ಕೆ ಮೊದಲು ಒಂದು ಪರೀಕ್ಷೆ. ಪರದೆ ಎರಡು ಮೂರು ಸೆಕೆಂಡ್ ಕಪ್ಪಾಗಿ, ಅಥವಾ ಬಿಳಿ ಚುಕ್ಕೆಗಳು ಮಿನುಗಿ, ಆದರೆ ಪ್ಲೇಯರಿನ ಗಡಿಯಾರ ಓಡುತ್ತಲೇ ಇದ್ದರೆ ತಪ್ಪು ಎಚ್‌ಡಿಎಂಐ ತಂತಿಯದು. 4ಕೆ ಎಚ್‌ಡಿಆರ್‌ಗೆ ‘ಪ್ರೀಮಿಯಂ ಹೈಸ್ಪೀಡ್’ ಎಂದು ಬರೆದ, ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸಬಲ್ಲ ತಂತಿ ಬೇಕು, ಉದ್ದ ಎರಡು ಮೀಟರ್ ಮೀರದಿದ್ದರೆ ಒಳ್ಳೆಯದು. ಗಡಿಯಾರವೂ ನಿಂತರೆ ಡಿಸ್ಕ್ ಓದುವುದರಲ್ಲಿ ತೊಡಕು. ಪ್ರತಿ ಸಲ ಅದೇ ನಿಮಿಷಕ್ಕೆ ನಿಂತರೆ ಡಿಸ್ಕ್. ಇವತ್ತು ಇಲ್ಲಿ, ನಾಳೆ ಅಲ್ಲಿ ನಿಂತರೆ ಪ್ಲೇಯರಿನ ಬಿಸಿ ಅಥವಾ ಲೆನ್ಸ್.

ನಿಮ್ಮದು ಪ್ರತಿ ಸಲ 1 ತಾಸು 10 ನಿಮಿಷದ ಹತ್ತಿರ. ಇದು ನನಗೆ ಬಹಳ ಹೇಳುತ್ತದೆ. 4ಕೆ ಡಿಸ್ಕಿನಲ್ಲಿ ಮಾಹಿತಿ ಒಂದರ ಕೆಳಗೊಂದು ಪದರಗಳಲ್ಲಿ ಇರುತ್ತದೆ, ಎರಡು ಪದರದ್ದು 66 ಜಿಬಿ, ಮೂರು ಪದರದ್ದು 100 ಜಿಬಿ. ಮೊದಲ ಪದರವನ್ನು ಲೇಸರ್ ನಡುವಿನಿಂದ ಅಂಚಿನ ಕಡೆಗೆ ಓದುತ್ತಾ ಹೋಗಿ, ಅಂಚಿನಲ್ಲೇ ಎರಡನೆಯ ಪದರಕ್ಕೆ ಇಳಿದು, ಅಲ್ಲಿಂದ ಒಳಕ್ಕೆ ಓದುತ್ತಾ ಬರುತ್ತದೆ. ಎರಡು ಪದರದ ಡಿಸ್ಕಿನಲ್ಲಿ ಚಿತ್ರದ ನಡುಮಧ್ಯದ ಸುಮಾರಿಗೆ ಲೇಸರ್ ಇರುವುದು ಅಂಚಿನಲ್ಲಿ. ನಿಮ್ಮದು ಅಂಥದ್ದಾದರೆ, 136 ನಿಮಿಷದ ಅರ್ಧ 68. ನಾವು ಡಿಸ್ಕ್ ಹಿಡಿಯುವುದೂ ಅಂಚನ್ನೇ, ಬೆರಳಿನ ಎಣ್ಣೆ, ಕೈಯ ಧೂಳು ಕೂರುವುದೂ ಅಲ್ಲೇ. ಭತ್ತದ ಕಟಾವು, ರೈಸ್‌ಮಿಲ್ ಧೂಳಿನ ಕಾಲದಲ್ಲಿ ಸಿಂಧನೂರು, ಗಂಗಾವತಿ ಕಡೆ ಮೇಜಿನ ಮೇಲೆ ಒಂದು ತಾಸು ಇಟ್ಟ ಡಿಸ್ಕ್ ಮೇಲೂ ಪುಡಿ ಕೂರುತ್ತದೆ.

ತೊಳೆಯುವ ವಿಧಾನ ಸರಳ. ಸೋಸಿದ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪಿನ ಒಂದೇ ಹನಿ, ಮೈಕ್ರೋಫೈಬರ್ ಬಟ್ಟೆ, ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಬೇಕು. ಸುತ್ತು ಹಾಕಿ ಒರೆಸಿದರೆ ಗೀರು ಬಿದ್ದಾಗ ಓದುವ ದಾರಿಯ ಉದ್ದಕ್ಕೂ ಬೀಳುತ್ತದೆ, ಅದನ್ನು ಪ್ಲೇಯರ್ ದಾಟಲಾರದು. ಬೇರೆ ಸೋಪಿಲ್ಲದ ನೀರಿನಿಂದ ಮತ್ತೊಮ್ಮೆ ಒರೆಸಿ ಒಣಗಿಸಿ. ಡಿವಿಡಿಗೆ ಟೂತ್‌ಪೇಸ್ಟ್ ಉಜ್ಜಿ ಗೀರು ಅಳಿಸುವ ಹಳೆಯ ವಿದ್ಯೆಯನ್ನು ಇಲ್ಲಿ ಮಾಡಿದರೆ ಡಿಸ್ಕ್ ಮುಗಿದಂತೆ. ಡಿವಿಡಿಯಲ್ಲಿ ಮಾಹಿತಿಯ ಮೇಲೆ 0.6 ಮಿಲಿಮೀಟರ್ ಪ್ಲಾಸ್ಟಿಕ್ ಇತ್ತು, ಬ್ಲೂ-ರೇಯಲ್ಲಿ ಇರುವುದು 0.1 ಮಿಲಿಮೀಟರ್ ಮಾತ್ರ, ಅದರ ಮೇಲಿನ ಗಟ್ಟಿ ಲೇಪ ಹೋದರೆ ಮತ್ತೆ ಬಾರದು. ಥಿನ್ನರ್, ಪೆಟ್ರೋಲ್ ಬೇಡ. ಬ್ರಷ್ ಅಂಟಿಸಿದ ಲೆನ್ಸ್ ಕ್ಲೀನರ್ ಡಿಸ್ಕನ್ನೂ ನಾನು ಸಲಹೆ ಮಾಡುವುದಿಲ್ಲ, ಲೆನ್ಸ್ ಜಾಗ ತಪ್ಪುವ ಅಪಾಯ ಇದೆ.

ತೊಳೆದ ಮೇಲೂ ಅದೇ ನಿಮಿಷಕ್ಕೆ ನಿಂತರೆ ಪ್ಲೇಯರಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ತಯಾರಕರ ಸೈಟಿನಿಂದ ನಿಮ್ಮ ಮಾದರಿಯ ಸಂಖ್ಯೆಗೆ ತಾಳೆಯಾಗುವ ಫೈಲ್ ಮಾತ್ರ ತೆಗೆದುಕೊಳ್ಳಿ. ನಡುವೆ ಕರೆಂಟ್ ಹೋದರೆ ಪ್ಲೇಯರ್ ಮತ್ತೆ ಏಳದಿರಬಹುದು, ಹಾಗಾಗಿ ಯುಪಿಎಸ್ ಅಥವಾ ಇನ್ವರ್ಟರ್ ಲೈನಿಗೆ ಹಾಕಿಯೇ ಮಾಡಿ. ಅದಕ್ಕೂ ಬಗ್ಗದಿದ್ದರೆ ಅಚ್ಚಿನಲ್ಲೇ ದೋಷ ಇರಬಹುದು, ಅಳಿಯನಿಗೆ ಹೇಳಿ ಕೊಂಡಲ್ಲಿಯೇ ಬದಲಿ ಕೇಳಿಸಿ. ಬೇಸಿಗೆಯಲ್ಲಿ ಪ್ಲೇಯರಿನ ಹಿಂದೆ, ಮೇಲೆ ನಾಲ್ಕು ಬೆರಳು ಅಲ್ಲ, ನಾಲ್ಕು ಇಂಚು ಜಾಗ ಬಿಡಿ. ಸೆಟ್‌ಟಾಪ್ ಬಾಕ್ಸ್, ಸ್ಟೆಬಿಲೈಸರ್ ಮೇಲೆ ಇಡಬೇಡಿ.

ಡಿಸ್ಕ್ ತೊಂದರೆ ಕೊಡುತ್ತದೆಂದರೆ ‘ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೀವಿ’ ಎನ್ನುವವರು ಸಿಗುತ್ತಾರೆ. 60 ಜಿಬಿ ಚಿತ್ರವನ್ನು ಐದಾರು ಜಿಬಿಗೆ ಹಿಂಡಿ ಕೊಟ್ಟರೆ ನೀವು ದುಡ್ಡು ಕೊಟ್ಟ ಗುಣವೇ ಹೋಯಿತು. ಹಕ್ಕು ಮೀರುವ ಉದ್ದೇಶದಿಂದ ಡಿಸ್ಕಿನ ಬೀಗ ಮುರಿದರೆ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಸೆರೆಯೂ ಇದೆ.

ಕೊನೆಗೆ ನಿಮ್ಮ ತಮ್ಮನ ಪ್ಲೇಯರ್. ಇಲ್ಲಿ ನಾನು ನಿಮ್ಮನ್ನು ತಡೆಯಲೇಬೇಕು. 4ಕೆ ಡಿಸ್ಕಿಗೆ ದೇಶದ ಬೀಗ ಇಲ್ಲ, ಎಲ್ಲಿ ಕೊಂಡರೂ ಎಲ್ಲ 4ಕೆ ಪ್ಲೇಯರಿನಲ್ಲಿ ಓಡುತ್ತದೆ. ಮಾಮೂಲಿ ಬ್ಲೂ-ರೇ, ಡಿವಿಡಿಗಳಿಗೆ ಇದೆ. ಬ್ಲೂ-ರೇಯಲ್ಲಿ ಅಮೆರಿಕ ‘ಎ’, ಯುರೋಪು ‘ಬಿ’, ಭಾರತ ‘ಸಿ’. ಡಿವಿಡಿಯಲ್ಲಿ ಅಮೆರಿಕ 1, ನಾವು 5. ಈ ಚಿತ್ರ ಹೊರತಂದ ವಾರ್ನರ್ ಸಂಸ್ಥೆಯ ಬ್ಲೂ-ರೇಗಳಿಗೆ ಸಾಮಾನ್ಯವಾಗಿ ಬೀಗ ಹಾಕಿರುವುದಿಲ್ಲ, ಹಾಗಾಗಿ ನಿಮ್ಮ ಸೆಟ್ಟಿಗೆ ಚಿಂತೆಯಿಲ್ಲ. ಆದರೆ ಅಮೆರಿಕದ ಪ್ಲೇಯರ್ ಗಂಗಾವತಿಗೆ ಬಂದರೆ ತಮ್ಮ ಇಲ್ಲಿ ಕೊಂಡಿಟ್ಟ 5ನೇ ವಲಯದ ಡಿವಿಡಿಗಳು ಅದರಲ್ಲಿ ಓಡುವುದಿಲ್ಲ, ಬೀಗವಿಲ್ಲದ ಕನ್ನಡ ಸಿನಿಮಾ ಡಿವಿಡಿಯೂ ಪಾಲ್ ಪದ್ಧತಿಯದಾದರೆ ಹಲವು ಅಮೆರಿಕನ್ ಪ್ಲೇಯರ್‌ಗಳು ಒಪ್ಪುವುದಿಲ್ಲ. ರಿಪೇರಿಗೆ ಬಿಡಿಭಾಗ, ವಾರಂಟಿ ಇಲ್ಲಿ ಸಿಗುವುದಿಲ್ಲ. ಆಟದ ಯಂತ್ರ ಹೇಗೂ ಮನೆಗೆ ಬರುವುದಿದ್ದರೆ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ 4ಕೆ ಡಿಸ್ಕ್ ಓದುತ್ತವೆ. ಪ್ಲೇಸ್ಟೇಷನ್ 4 ಓದುವುದಿಲ್ಲ, 4 ಪ್ರೊ ಕೂಡ. ಪ್ಲೇಸ್ಟೇಷನ್ 5ರಲ್ಲಿ ಡಿಸ್ಕಿನ ಡಾಲ್ಬಿ ವಿಷನ್ ಬರುವುದಿಲ್ಲ, ಮಾಮೂಲಿ ಎಚ್‌ಡಿಆರ್ ಬರುತ್ತದೆ.

ಇಷ್ಟೆಲ್ಲ ತಿಳಿದೂ ಅಲ್ಲಿಂದಲೇ ತರಿಸುವುದಾದರೆ, ದುಡ್ಡು ಕೊಡುವ ಮೊದಲು ಪ್ಲೇಯರಿನ ಹಿಂಬದಿಯಲ್ಲಿ ಕರೆಂಟಿನ ತಂತಿ ಹೊರಬರುವ ಜಾಗದ ಸಣ್ಣ ಚೀಟಿಯ ಫೋಟೊ ಕಳಿಸಲು ಅಳಿಯನಿಗೆ ಹೇಳಿ. ಅದರಲ್ಲಿ 100–240 ವೋಲ್ಟ್ ಎಂದಿದ್ದರೆ ಪಿನ್ ಬದಲಿಸಿದರೆ ಸಾಕು. ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟ್ ಪ್ಲಗ್ಗಿಗೆ ನೇರ ಹಾಕಿದ ಕ್ಷಣವೇ ಅದರ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ಅಂಥದ್ದನ್ನು ತರಿಸಬೇಡಿ.